ಗುಜರಿಯಿಂದ ಮರಳಿ ಬಂದ ರಥಗಳು

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿ ಹರ್ಷಿ ಎಂಬುದೊಂದು ಊರು. ಮಿಲ್ಟನ್ ಹರ್ಷಿ ಎಂಬಾತನು ಚಾಕೊಲೇಟು ಕಾರ್ಖಾನೆಯನ್ನು ಸ್ಥಾಪಿಸಿ, ಅದರ ಸುತ್ತ ಕಟ್ಟಿಸಿದ ಊರು ಅದು. ವರ್ಷಕ್ಕೊಮ್ಮೆ, ಅಕ್ಟೋಬರ್ ತಿಂಗಳಲ್ಲಿ, ಮರಗಳ ಎಲೆ ಹಣ್ಣಾಗಿ ಉದುರುವ ಹೊತ್ತಿಗೆ, ಅಲ್ಲೊಂದು ಜಾತ್ರೆ ನೆರೆಯುತ್ತದೆ. ದೇವರಿಲ್ಲದ ಜಾತ್ರೆ, ಆದರೆ ತೇರುಗಳಿಗೆ ಬರವಿಲ್ಲ. ಎಂಬತ್ತು, ತೊಂಬತ್ತು, ನೂರು ವರ್ಷ ಕಳೆದ ಮೋಟಾರು ಗಾಡಿಗಳು ಮೈ ತೊಳೆದು ಸಿಂಗರಿಸಿಕೊಂಡು ಸಾಲುಗಟ್ಟಿ ನಿಲ್ಲುತ್ತವೆ. ಅದರ ಮಗ್ಗುಲಲ್ಲೇ ಬಯಲಿನುದ್ದಕ್ಕೂ ಅಂಗಡಿಗಳು. ಅಲ್ಲಿ ಮಾರಾಟಕ್ಕೆ ಹರವಿರುವ ಸರಕನ್ನು ಕಂಡರೆ ನಮ್ಮ ಮನೆಯ ಹಿರಿಯರು, ‘ಇದನ್ನು ಗುಜರಿಯವನೂ ತೂಗಿಕೊಳ್ಳಲಾರ’ ಎಂದಾರು. ತುಕ್ಕು ಹಿಡಿದ ದೀಪದ ಬಳೆ, ಸವೆದ ಹಲ್ಲುಚಕ್ರ, ಒಡೆದ ಹಾರನ್ನು, ಎಣ್ಣೆಯ ಕಲೆಯಾದ ಹಳೆಯ ಕೈಪಿಡಿ. ಆದರೂ ಅವುಗಳನ್ನು ಅರಸಿಕೊಂಡು ಸಾವಿರಾರು ಮೈಲಿ ದೂರದಿಂದ ಜನ ಬರುತ್ತಾರೆ. ೧೯೫೫ರಲ್ಲಿ ಬೆರಳೆಣಿಕೆಯಷ್ಟು ಮಂದಿ ಬಿಡಿಭಾಗಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದ ಕಡೆ ಇಂದು ಸಾವಿರಾರು ಅಂಗಡಿಗಳು ಏಳುತ್ತವೆ.

ಈ ನೋಟವನ್ನು ಮನಸ್ಸಿಗೆ ತಂದುಕೊಂಡಾಗ ನಿಮ್ಮಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಹೊಸತನ್ನು ಹುಡುಕುವುದರಲ್ಲಿ ಲೋಕಕ್ಕೇ ಮುಂದಾಳು ಎನಿಸಿಕೊಂಡ ದೇಶ ಅದು. ನಿನ್ನೆಯ ಸಾಮಾನನ್ನು ಇಂದು ಬೀದಿಗೆ ಎಸೆಯುವುದನ್ನು ಜಗತ್ತಿಗೆ ಕಲಿಸಿದ್ದೂ ಅದೇ ದೇಶವೆಂದು ನಾವು ಆಗಾಗ ಹೇಳುತ್ತೇವೆ. ಅಂಥ ನಾಡಿನಲ್ಲಿ, ಹಳೆಯ ಮೋಟಾರಿನ ಮೇಲೆ ಈ ಒಲವು ಹೇಗೆ ಹುಟ್ಟಿತು? ಯಾವ ಸರ್ಕಾರದ ಆಜ್ಞೆಯೂ ಇಲ್ಲದೆ, ಯಾವ ವಿಶ್ವವಿದ್ಯಾನಿಲಯದ ಉಪದೇಶವೂ ಇಲ್ಲದೆ, ಕೊಳಾಯಿ ಕೆಲಸದವನು, ವೈದ್ಯ, ರೈತ, ಗುಮಾಸ್ತ ಇವರೆಲ್ಲ ಒಂದಾಗಿ ಒಂದು ಯುಗದ ಯಂತ್ರಗಳನ್ನು ಉಳಿಸಿದ ಕಥೆ ಇದು. ಉಳಿಸುವುದೆಂದರೆ ಏನು ಎಂಬ ತಂಟೆಯ ಪ್ರಶ್ನೆಯೂ ಈ ಕಥೆಯೊಳಗೇ ಇದೆ. ಆ ಪ್ರಶ್ನೆ ಅವರಿಗೆಷ್ಟೋ ನಮಗೂ ಅಷ್ಟೇ ಸಂಬಂಧಪಟ್ಟದ್ದು.

ಮೊದಲು ಮೋಟಾರಿನ ಹುಟ್ಟನ್ನಷ್ಟು ನೋಡೋಣ. ೧೮೯೩ರಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಡುರಿಯ ಸೋದರರು ತಮ್ಮ ಪೆಟ್ರೋಲು ಗಾಡಿಯನ್ನು ಬೀದಿಯಲ್ಲಿ ಓಡಿಸಿದರು. ಎರಡು ವರ್ಷಗಳ ತರುವಾಯ, ೧೮೯೫ರ ನವೆಂಬರಿನಲ್ಲಿ, ಷಿಕಾಗೊ ನಗರದಲ್ಲಿ ಹಿಮ ಬಿದ್ದ ರಸ್ತೆಯ ಮೇಲೆ ಒಂದು ಪಂದ್ಯ ನಡೆಯಿತು. ಸುಮಾರು ಐವತ್ತನಾಲ್ಕು ಮೈಲಿಯ ದಾರಿ. ಹೊರಟ ಆರು ಗಾಡಿಗಳಲ್ಲಿ ಗುರಿ ಮುಟ್ಟಿದವು ಎರಡೇ. ಗೆದ್ದ ಡುರಿಯನ ವೇಗ ಗಂಟೆಗೆ ಸುಮಾರು ಏಳು ಮೈಲಿ. ನಮ್ಮ ಜೋಡೆತ್ತಿನ ಗಾಡಿಯನ್ನು ಹುರಿದುಂಬಿಸಿ ಹೊಡೆದರೆ ಅದಕ್ಕೆ ತೀರ ಹಿಂದೆ ಬೀಳದು! ಹಾದಿಯಲ್ಲಿ ಮೋಟಾರು ನಿಂತುಹೋದರೆ ಜನ ‘ಒಂದು ಕುದುರೆ ತಂದು ಕಟ್ಟಪ್ಪಾ’ ಎಂದು ನಗುತ್ತಿದ್ದ ಕಾಲ ಅದು.

ಆ ನಗೆಯನ್ನು ನಿಲ್ಲಿಸಿದವನು ಹೆನ್ರಿ ಫೋರ್ಡ್. ೧೯೦೮ರ ಅಕ್ಟೋಬರಿನಲ್ಲಿ ಆತ ‘ಟಿ’ ಮಾದರಿಯ ಗಾಡಿಯನ್ನು ಹೊರತಂದಾಗ ಅದರ ಬೆಲೆ ೮೫೦ ಡಾಲರು. ೧೯೧೩ರಲ್ಲಿ ಡೆಟ್ರಾಯಿಟ್ ಬಳಿಯ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಹೊಸದೊಂದು ಏರ್ಪಾಡಾಯಿತು. ಕೆಲಸಗಾರನು ನಿಂತಲ್ಲೇ ನಿಲ್ಲುವುದು, ಗಾಡಿಯೇ ಅವನೆದುರಿಗೆ ಸಾಗಿ ಬರುವುದು. ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಜೋಡಣೆಯ ಕೆಲಸ ಒಂದೂವರೆ ಗಂಟೆಗೆ ಇಳಿಯಿತು. ೧೯೨೫ರ ಹೊತ್ತಿಗೆ ಅತಿ ಅಗ್ಗದ ‘ಟಿ’ ಗಾಡಿ ೨೬೦ ಡಾಲರಿಗೆ ದೊರಕುತ್ತಿತ್ತು. ೧೯೨೭ರಲ್ಲಿ ಆ ಮಾದರಿಯ ತಯಾರಿಕೆ ನಿಂತಾಗ ಲೆಕ್ಕ ಹಾಕಿದರೆ, ಒಂದೂವರೆ ಕೋಟಿ ಗಾಡಿಗಳು ಹೊರಬಿದ್ದಿದ್ದವು. ಹಳ್ಳಿಯ ರೈತನೂ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪೇಟೆಗೆ ಹೋಗಿಬರುವಂತಾಯಿತು. ಮುಂದೆ ಹಳೆಯ ಮೋಟಾರಿನ ಮೇಲೆ ಜನರಿಗೆ ಮೂಡಿದ ಮಮತೆಯ ಬೇರು ಇಲ್ಲಿಯೇ ಇದೆ. ಒಬ್ಬ ರಾಜನ ರಥವಾಗಿದ್ದರೆ ಅದನ್ನು ಅರಮನೆ ಕಾಪಾಡುತ್ತಿತ್ತು. ಇದು ಮನೆಮನೆಯ ರಥವಾದ್ದರಿಂದ ಮನೆಮನೆಯವರೇ ಅದನ್ನು ನೆನೆಯಬೇಕಾಯಿತು.

ಆದರೆ ಒಂದೂವರೆ ಕೋಟಿ ಗಾಡಿಗಳು ಬೀದಿಗಿಳಿದ ಮೇಲೆ ಹೊಸ ಗಾಡಿಯನ್ನು ಕೊಳ್ಳುವವರಾರು? ಈ ತೊಡಕಿಗೆ ಉತ್ತರ ಕಂಡುಕೊಂಡದ್ದು ಜನರಲ್ ಮೋಟಾರ್ಸ್ ಕಂಪನಿ. ಅದರ ಮುಖ್ಯಸ್ಥನಾದ ಆಲ್ಫ್ರೆಡ್ ಸ್ಲೋನ್ ಎಂಬಾತನು ವರ್ಷ ವರ್ಷವೂ ಗಾಡಿಯ ರೂಪವನ್ನು ಬದಲಾಯಿಸುವ ಪದ್ಧತಿಯನ್ನು ಬೆಳೆಸಿದನು. ೧೯೨೭ರಲ್ಲಿ ಹಾರ್ಲಿ ಅರ್ಲ್ ಎಂಬ ಕಲಾಕಾರನ ಮೇಲ್ವಿಚಾರಣೆಯಲ್ಲಿ ಗಾಡಿಗಳ ಬಣ್ಣ ಮತ್ತು ರೂಪಗಳಿಗಾಗಿಯೇ ಒಂದು ಶಾಖೆ ಪ್ರಾರಂಭವಾಯಿತು. ಯಂತ್ರ ಕೆಡದಿದ್ದರೂ ಗಾಡಿ ಹಳತಾಯಿತು! ನೆರೆಮನೆಯವನ ಹೊಸ ಗಾಡಿಯ ಮುಂದೆ ತನ್ನದು ಮಂಕಾಗಿ ಕಂಡದ್ದೇ ಅದನ್ನು ಮಾರಲು ಸಾಕಾದ ಕಾರಣ. ಯುದ್ಧವಿಮಾನದ ಬಾಲವನ್ನು ಕಂಡು ಮನಸೋತು ೧೯೪೮ರ ಕ್ಯಾಡಿಲ್ಯಾಕ್ ಗಾಡಿಯ ಹಿಂಬದಿಗೆ ಸಣ್ಣ ರೆಕ್ಕೆಗಳನ್ನು ಮೂಡಿಸಿದರು. ವರ್ಷದಿಂದ ವರ್ಷಕ್ಕೆ ಅವು ಬೆಳೆದು, ೧೯೫೯ರ ಹೊತ್ತಿಗೆ ಇನ್ನೇನು ಗಾಡಿ ಹಾರಿಹೋಗುವುದೋ ಎನ್ನುವಂತೆ ಚಾಚಿಕೊಂಡವು. ಆಮೇಲೆ ಕೆಲವೇ ವರ್ಷಗಳಲ್ಲಿ ರೆಕ್ಕೆಗಳು ಮಾಯವಾದುವು. ಹೀಗೆ, ಹೊಸತನದ ವ್ಯಾಪಾರವೇ ಹಳೆಯ ಗಾಡಿಗಳ ರಾಶಿಯನ್ನು ಸೃಷ್ಟಿಸಿತು. ಆ ರಾಶಿಯಿಂದಲೇ ಹಳೆಯದನ್ನು ಮೆಚ್ಚುವವರೂ ಹುಟ್ಟಿಕೊಂಡರು.

ಮೊದಮೊದಲು ಈ ಮೆಚ್ಚುಗೆಗೆ ತಮಾಷೆಯ ರೂಪವಿತ್ತು. ೧೯೩೦ರ ದಶಕದ ಆರಂಭದಲ್ಲಿ ಫಿಲಡೆಲ್ಫಿಯ ನಗರದ ಮೋಟಾರು ಪ್ರದರ್ಶನದ ಜತೆಗೆ ಹಳೆಯ ಗಾಡಿಗಳ ಓಟವೊಂದನ್ನು ಏರ್ಪಡಿಸುತ್ತಿದ್ದರು. ಹೊಸ ಗಾಡಿ ಎಷ್ಟು ಮುಂದುವರಿದಿದೆಯೆಂದು ತೋರಿಸಲು ಹಳೆಯದು ಒಂದು ನೆಪ. ಹೀಗೆ ನಗಿಸಲು ಬಂದ ಗಾಡಿಗಳ ಒಡೆಯರು ಪರಸ್ಪರ ಪರಿಚಯವಾಗಿ, ೧೯೩೫ರಲ್ಲಿ ಅಮೆರಿಕದ ಪುರಾತನ ಮೋಟಾರು ಸಂಘವನ್ನು ಅದೇ ನಗರದಲ್ಲಿ ಕಟ್ಟಿದರು. ೧೯೩೭ರಲ್ಲಿ ಲಾಸ್ ಏಂಜಲೀಸಿನಲ್ಲಿ ‘ಕುದುರೆಯಿಲ್ಲದ ಸಾರೋಟಿನ ಸಂಘ’ ಎಂಬ ಅರ್ಥದ ಹೆಸರಿನಲ್ಲಿ ಇನ್ನೊಂದು ಸಂಘ ಕಣ್ಣು ತೆರೆಯಿತು. ಮರುವರ್ಷ ಮತ್ತೊಂದು. ದೇಶವು ಆರ್ಥಿಕ ಮುಗ್ಗಟ್ಟಿನಲ್ಲಿ ತೊಳಲುತ್ತಿದ್ದ ಆ ದಿನಗಳಲ್ಲಿ, ಯಾರೂ ಬೇಡವೆಂದ ಗಾಡಿಯನ್ನು ಕೊಟ್ಟಿಗೆಯಿಂದ ಹೊರಕ್ಕೆಳೆದು, ಅದರ ಹಿತ್ತಾಳೆಯನ್ನು ಹುಣಿಸೆಹಣ್ಣಿನಿಂದಲ್ಲದಿದ್ದರೂ ಅಷ್ಟೇ ಶ್ರದ್ಧೆಯಿಂದ ಉಜ್ಜಿ ಬೆಳಗುವವರನ್ನು ಕಂಡು ಬಂಧುಗಳು ಏನೆಂದಿರಬೇಕೆಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ೧೯೪೨ರ ಫೆಬ್ರವರಿಯಲ್ಲಿ ಅಮೆರಿಕದ ಕಾರ್ಖಾನೆಗಳು ಜನರ ಬಳಕೆಯ ಗಾಡಿಗಳನ್ನು ಮಾಡುವುದನ್ನು ನಿಲ್ಲಿಸಿ ಟ್ಯಾಂಕು, ವಿಮಾನಗಳಿಗೆ ತಿರುಗಿದುವು. ಊರೂರಿನಲ್ಲಿ ಕಬ್ಬಿಣ ತಾಮ್ರಗಳ ಸಂಗ್ರಹ ನಡೆಯಿತು. ತೋಟದ ಬೇಲಿ, ಅಡಿಗೆಮನೆಯ ಪಾತ್ರೆಗಳೊಡನೆ ಹಿತ್ತಲಿನಲ್ಲಿ ನಿಂತಿದ್ದ ಹಳೆಯ ಮೋಟಾರುಗಳೂ ಕುಲುಮೆಗೆ ಹೋದುವು. ದೇಶದ ಸಂಕಟಕಾಲದಲ್ಲಿ ‘ನನ್ನ ಹಳೆಯ ಗಾಡಿಯನ್ನು ಕೊಡಲಾರೆ’ ಎನ್ನುವುದು ಸುಲಭದ ಮಾತಲ್ಲ. ಕೊಟ್ಟವರನ್ನು ನಾವು ಹಳಿಯಬಾರದು; ಕೊಡದೆ ಬಚ್ಚಿಟ್ಟವರನ್ನೂ ಹಳಿಯಲಾಗದು. ಏಕೆಂದರೆ ಇಂದು ನೋಡಲು ಉಳಿದಿರುವವುಗಳಲ್ಲಿ ಎಷ್ಟೋ ಅಂಥವರ ಹಟದಿಂದ ಉಳಿದಂಥವು. ಯುದ್ಧ ಮುಗಿದ ಮರುವರ್ಷವೇ, ೧೯೪೬ರಲ್ಲಿ, ಶತಮಾನದ ಆರಂಭದಲ್ಲಿ ಹೆಸರಾಗಿದ್ದ ಗ್ಲಿಡನ್ ಪ್ರವಾಸವನ್ನು ಈ ಸಂಘಗಳವರು ಮತ್ತೆ ಪ್ರಾರಂಭಿಸಿದರು. ಮುದಿ ಗಾಡಿಗಳು ನಿಲ್ಲಿಸಿಡುವ ಗೊಂಬೆಗಳಲ್ಲ, ದೂರದ ಹಾದಿಯನ್ನು ಓಡಬಲ್ಲವು ಎಂದು ಲೋಕಕ್ಕೆ ತೋರಿಸಿದರು.

೧೯೫೨ರಲ್ಲಿ ಇನ್ನೊಂದು ಸಂಘ ಹುಟ್ಟಿತು. ಅದು ‘ಕ್ಲಾಸಿಕ್’ ಎಂಬ ಮಾತನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿತು. ಕನ್ನಡ ಪಾಠ ಹೇಳುವವರಿಗೆ ಈ ಮಾತಿನ ತೊಡಕು ಹೊಸದಲ್ಲ. ಅಭಿಜಾತ ಎನ್ನೋಣವೆ, ಶಾಸ್ತ್ರೀಯ ಎನ್ನೋಣವೆ, ಮೇಲ್ತರದ್ದು ಎನ್ನೋಣವೆ? ೨೦೦೮ರಲ್ಲಿ ನಮ್ಮ ಭಾಷೆಗೆ ಶಾಸ್ತ್ರೀಯ ಸ್ಥಾನ ದೊರೆಯುವ ಮುನ್ನ, ಎಷ್ಟು ಶತಮಾನಗಳ ಹಳಮೆ ಬೇಕೆಂಬ ಚರ್ಚೆ ಎಷ್ಟು ಕಾವೇರಿತ್ತೆಂಬುದು ನಿಮಗೆ ನೆನಪಿದೆ. ಮೋಟಾರಿನವರಲ್ಲಿಯೂ ಅದೇ ಜಗಳ. ಬರಿಯ ವಯಸ್ಸು ಸಾಲದು, ಉತ್ತಮ ಕುಶಲತೆಯೂ ಬೇಕೆಂದು ಈ ಸಂಘದ ವಾದ. ಅದರ ಪಟ್ಟಿಗೆ ಸೇರುವ ಗಾಡಿಗಳು ಎರಡನೆಯ ಮಹಾಯುದ್ಧಕ್ಕೆ ಹಿಂದಿನ ದಶಕಗಳವು, ಹೆಚ್ಚೆಂದರೆ ೧೯೪೮ರವರೆಗಿನವು. ಅವುಗಳಲ್ಲೂ ಆಯ್ದವು ಮಾತ್ರ. ಪುರಾತನ ಮೋಟಾರು ಸಂಘದವರಾದರೋ ಇಪ್ಪತ್ತೈದು ವರ್ಷ ತುಂಬಿದ ಯಾವ ಗಾಡಿಗೂ ಬಾಗಿಲು ತೆರೆಯುತ್ತಾರೆ.

ಮೊದಲಿನವರ ಪಟ್ಟಿಯ ಕಿರೀಟಪ್ರಾಯವಾದದ್ದು ಡ್ಯೂಸೆನ್‌ಬರ್ಗ್. ೧೯೨೮ರಲ್ಲಿ ಬಂದ ಅದರ ‘ಜೆ’ ಮಾದರಿಯ ಯಂತ್ರಕ್ಕೆ ೨೬೫ ಕುದುರೆಗಳ ಶಕ್ತಿ. ಮೈಕಟ್ಟಿಲ್ಲದ ಬರಿಯ ಅಡಿಗಟ್ಟಿಗೇ ೮,೫೦೦ ಡಾಲರು. ಮೇಲಿನ ಮೈಯನ್ನು ಕೊಳ್ಳುವವನು ತನಗೆ ಬೇಕಾದ ಕುಶಲಕರ್ಮಿಯಿಂದ ಮಾಡಿಸಿಕೊಳ್ಳಬೇಕು. ನಮ್ಮ ದೇಶದ ಇಂದೋರಿನ ಹೋಳ್ಕರ್ ಮಹಾರಾಜರೂ ಒಂದನ್ನು ಕೊಂಡು, ಲಂಡನ್ನಿನ ಗರ್ನಿ ನಟಿಂಗ್ ಅವರಲ್ಲಿ ಮೈ ಕಟ್ಟಿಸಿದ್ದರು. ಹೀಗೆ ತಯಾರಾದವು ಸುಮಾರು ೪೮೦ ಮಾತ್ರ. ೧೯೩೭ರಲ್ಲಿ ಕಂಪನಿಯೇ ಮುಳುಗಿತು.

ಮುಳುಗಿದ್ದು ಅದೊಂದೇ ಅಲ್ಲ. ಅಮೆರಿಕದಲ್ಲಿ ಗಾಡಿ ಕಟ್ಟಲು ಹೊರಟ ಹೆಸರುಗಳು ಸಾವಿರಕ್ಕೂ ಮಿಗಿಲು. ದಡ ಸೇರಿದವು ಕೆಲವು. ಪಿಯರ್ಸ್-ಆರೋ ೧೯೩೮ರಲ್ಲಿ, ಹಡ್ಸನ್ ಮತ್ತು ನ್ಯಾಷ್ ಎಂಬ ಹೆಸರುಗಳು ೧೯೫೭ರಲ್ಲಿ ಅಳಿದುವು. ೧೮೫೨ರಿಂದ ಕುದುರೆ ಬಂಡಿಗಳನ್ನು ಮಾಡುತ್ತ ಬಂದು ಮೋಟಾರಿಗೆ ಕೈಹಾಕಿದ್ದ ಸ್ಟೂಡಿಬೇಕರ್ ಮನೆತನದ ಹೆಸರು ೧೯೬೬ರಲ್ಲಿ ಕೊನೆಗಂಡಿತು. ಪ್ಯಾಕರ್ಡ್ ಎಂಬ ಹೆಸರಾಂತ ಕಂಪನಿಯ ಜಾಹೀರಾತಿನಲ್ಲಿ ದೊಡ್ಡ ವರ್ಣನೆಯಿರುತ್ತಿರಲಿಲ್ಲ. ಗಾಡಿ ಹೇಗಿದೆಯೆಂದು ಅದರ ಒಡೆಯನನ್ನೇ ಕೇಳಿ ಎಂಬ ಅರ್ಥದ ಒಂದು ಮಾತಿರುತ್ತಿತ್ತು. ೧೯೫೮ರಲ್ಲಿ ಪ್ಯಾಕರ್ಡ್ ಗಾಡಿಗಳು ನಿಂತುಹೋದ ಮೇಲೆ ಆ ಮಾತು ಅಕ್ಷರಶಃ ನಿಜವಾಯಿತು. ಕೇಳಲು ಕಂಪನಿಯಿಲ್ಲ, ಮಾರುವ ಅಂಗಡಿಯಿಲ್ಲ, ರಿಪೇರಿಯ ಮಳಿಗೆಯಿಲ್ಲ. ಕಾರ್ಬುರೇಟರಿನ ಯಾವ ತಿರುಪನ್ನು ಎಷ್ಟು ಸುತ್ತಬೇಕೆಂದು ಬಲ್ಲವನು ಒಡೆಯನೊಬ್ಬನೇ. ಅವನನ್ನಲ್ಲದೆ ಇನ್ನಾರನ್ನು ಕೇಳೋಣ?

ಸಂಘಗಳ ನಿಜವಾದ ಕೆಲಸ ಇಲ್ಲಿಂದ ಪ್ರಾರಂಭವಾಗುತ್ತದೆ. ಒಬ್ಬನಲ್ಲಿ ೧೯೩೦ರ ಕೈಪಿಡಿಯಿದೆ, ಇನ್ನೊಬ್ಬನಲ್ಲಿ ಬಿಡಿಭಾಗಗಳ ಪಟ್ಟಿಯಿದೆ. ಮತ್ತೊಬ್ಬನು ಆ ಕಾರ್ಖಾನೆಯಲ್ಲಿಯೇ ದುಡಿದು ನಿವೃತ್ತನಾದವನು. ಅವನ ತಲೆಯಲ್ಲಿ ಇರುವುದು ಯಾವ ಪುಸ್ತಕದಲ್ಲಿಯೂ ಇಲ್ಲ. ಇವರನ್ನು ಕೂಡಿಸಲು ಪತ್ರಿಕೆಗಳು ಹೊರಟವು. ಒಂದು ಮಾದರಿಗೆ ಒಂದು ಸಂಘ, ಒಂದು ಕಂಪನಿಗೆ ಒಂದು ಸಂಘ ಎಂಬಂತೆ ಬೆಳೆಯಿತು. ಸ್ಟೂಡಿಬೇಕರ್ ಓಡಿಸುವವರ ಸಂಘ ೧೯೬೨ರಲ್ಲಿ ಹುಟ್ಟಿದಾಗ ಕಂಪನಿ ಇನ್ನೂ ಉಸಿರಾಡುತ್ತಿತ್ತು. ಕಂಪನಿ ಸತ್ತಿತು, ಸಂಘ ಬಾಳಿತು. ೧೯೪೮ರಲ್ಲಿ ಪ್ರೆಸ್ಟನ್ ಟಕರ್ ಎಂಬಾತನು ಕಟ್ಟಿದ ವಿಚಿತ್ರ ಗಾಡಿಗೆ ಮೂರು ಮುಂದೀಪಗಳು. ನಡುವಿನದು ಚಕ್ರ ತಿರುಗಿದತ್ತ ತಾನೂ ತಿರುಗುವುದು. ಮೊದಲ ನಮೂನೆಯೂ ಸೇರಿ ತಯಾರಾದವು ಐವತ್ತೊಂದೇ. ಅಷ್ಟರಲ್ಲಿ ಮೊಕದ್ದಮೆಗಳು ಎದ್ದು ಕಾರ್ಖಾನೆ ನಿಂತಿತು. ೧೯೫೦ರಲ್ಲಿ ಟಕರ್ ನಿರ್ದೋಷಿಯೆಂದು ತೀರ್ಪಾದರೂ ಕಾರ್ಖಾನೆ ಮತ್ತೆ ತೆರೆಯಲಿಲ್ಲ. ಆ ಐವತ್ತೊಂದರಲ್ಲಿ ನಲವತ್ತಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಯಾವುದು ಎಲ್ಲಿದೆಯೆಂಬುದಕ್ಕೆ ಆಸಕ್ತರು ಲೆಕ್ಕವಿಟ್ಟಿದ್ದಾರೆ. ವಿದ್ಯೆಯೆಂಬ ಧನ ಕೊಟ್ಟಷ್ಟೂ ಹೆಚ್ಚುವುದೆಂದು ನಾವು ಶಾಲೆಯಲ್ಲಿ ಬಾಯಿಪಾಠ ಹೇಳಿಸುತ್ತೇವೆ. ಈ ಜನ ಅದನ್ನು ಎಣ್ಣೆ ಮೆತ್ತಿದ ಕೈಯಿಂದ ಮಾಡಿ ತೋರಿಸಿದರು.

ಹಣವಂತರ ಸಂಗ್ರಹವಿದ್ದರೆ ಸಾಲದೆ ಎಂದು ನೀವು ಕೇಳಬಹುದು. ನೆವಾಡ ಸಂಸ್ಥಾನದ ರೀನೊ ನಗರದ ವಿಲಿಯಂ ಹ್ಯಾರಾ ಎಂಬಾತನು ಜೂಜುಮನೆಗಳ ಒಡೆಯ. ಆತನು ಸಾವಿರಕ್ಕೂ ಮೀರಿ ಗಾಡಿಗಳನ್ನು ಕೂಡಿಹಾಕಿ, ಅವುಗಳನ್ನು ಸರಿಪಡಿಸಲು ಕುಶಲರ ತಂಡವನ್ನೂ, ಆಧಾರಗಳನ್ನು ಹುಡುಕಲು ಒಂದು ಗ್ರಂಥಾಲಯವನ್ನೂ ಇಟ್ಟಿದ್ದನು. ೧೯೭೮ರಲ್ಲಿ ಆತ ತೀರಿಕೊಂಡನು. ಆಸ್ತಿ ೧೯೮೦ರಲ್ಲಿ ಒಂದು ಹೋಟೆಲು ಕಂಪನಿಯ ಕೈಸೇರಿತು. ಸಂಗ್ರಹವನ್ನು ಮಾರುವ ಸುದ್ದಿ ಹಬ್ಬಿದೊಡನೆ ಆಸಕ್ತರು ದನಿಯೆತ್ತಿದರು. ಆದರೂ ೧೯೮೪ರಿಂದ ಮೂರು ವರ್ಷ ಹರಾಜುಗಳು ನಡೆದು ಬಹುಪಾಲು ಗಾಡಿಗಳು ಚದುರಿಹೋದುವು. ಆ ಕೂಗಿನ ಫಲವಾಗಿ ಉಳಿದ ಒಂದು ಭಾಗವೇ ೧೯೮೯ರಲ್ಲಿ ಅದೇ ರೀನೊ ನಗರದಲ್ಲಿ ತೆರೆದ ರಾಷ್ಟ್ರೀಯ ಮೋಟಾರು ವಸ್ತುಸಂಗ್ರಹಾಲಯಕ್ಕೆ ಆಧಾರವಾಯಿತು. ಒಬ್ಬನ ಒಡೆತನ ಒಬ್ಬನ ಆಯುಸ್ಸಿನಷ್ಟೇ. ಹಲವರ ಒಲವಿಗೆ ಆಯುಸ್ಸು ಹೆಚ್ಚು.

ಇದುವರೆಗೆ ಹೇಳಿದ್ದು ಗಾಡಿಯನ್ನು ಇದ್ದ ಹಾಗೆ ಇರಿಸಬೇಕೆನ್ನುವವರ ಮಾತಾಯಿತು. ಹಳೆಯದನ್ನು ಪ್ರೀತಿಸುತ್ತಲೇ ಅದನ್ನು ಬದಲಾಯಿಸಿದವರೂ ಅದೇ ನಾಡಿನಲ್ಲಿ ಇದ್ದಾರೆ. ಕ್ಯಾಲಿಫೋರ್ನಿಯದ ಬಡ ಹುಡುಗರು ಅಗ್ಗಕ್ಕೆ ಸಿಕ್ಕ ಹಳೆಯ ಫೋರ್ಡ್ ಗಾಡಿಗಳ ಮಡ್‌ಗಾರ್ಡು ಕಿತ್ತು, ಬಾನೆಟ್ಟು ಕಳಚಿ, ಯಂತ್ರವನ್ನು ಬಿಗಿದು, ಬತ್ತಿದ ಕೆರೆಯ ಅಂಗಳಗಳಲ್ಲಿ ಓಡಿಸಿ ವೇಗದ ದಾಖಲೆ ಬರೆದರು. ಅವರ ಓಟಗಳನ್ನು ಶಿಸ್ತಿಗೆ ತರಲು ೧೯೩೭ರಲ್ಲೇ ಒಂದು ಸಂಘವಾಯಿತು. ೧೯೪೮ರಲ್ಲಿ ಅವರದೇ ಪತ್ರಿಕೆ ಹೊರಟಿತು. ಮರುವರ್ಷ ಯೂಟಾ ಸಂಸ್ಥಾನದ ಬಾನ್ನವಿಲ್ ಉಪ್ಪುಬಯಲಿನಲ್ಲಿ ವೇಗದ ಸಪ್ತಾಹ ಪ್ರಾರಂಭವಾಯಿತು.

ಲಾಸ್ ಏಂಜಲೀಸಿನ ಮೆಕ್ಸಿಕೋ ಮೂಲದ ತರುಣರ ದಾರಿ ಇದಕ್ಕೆ ವಿರುದ್ಧ. ಇವರಿಗೆ ವೇಗ ಬೇಡ, ನಿಧಾನ ಬೇಕು. ಹಳೆಯ ಷೆವ್ರೊಲೆ ಗಾಡಿಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಅದರ ಮೈಮೇಲೆ ಹೂಬಳ್ಳಿ, ಕನ್ಯೆ ಮರಿಯಳ ಚಿತ್ರಗಳನ್ನು ಬರೆಸಿ, ಸಂಜೆಯ ಹೊತ್ತು ಬೀದಿಯಲ್ಲಿ ಮೆರವಣಿಗೆ ಹೊರಟಂತೆ ಮೆಲ್ಲಗೆ ಸಾಗುವುದು ಇವರ ಸೊಗಸು. ೧೯೫೦ರ ದಶಕದ ಕೊನೆಯಲ್ಲಿ ಗಾಡಿಯನ್ನು ಅಷ್ಟು ತಗ್ಗಿಸಕೂಡದೆಂದು ಕಾನೂನು ಬಂದಿತು. ಇವರು ವಿಮಾನದಲ್ಲಿ ಬಳಸುವ ಪಂಪುಗಳನ್ನು ಅಳವಡಿಸಿ, ಬೇಕೆಂದಾಗ ಗಾಡಿ ಏಳುವಂತೆ, ಬೇಕೆಂದಾಗ ಕುಳಿತುಕೊಳ್ಳುವಂತೆ ಮಾಡಿದರು! ಮುಂದೆ ಊರೂರುಗಳಲ್ಲಿ ಹೀಗೆ ಗಾಡಿ ಸುತ್ತಿಸುವುದನ್ನೇ ನಿಷೇಧಿಸಿದರು. ತಮ್ಮ ಗಾಡಿಯನ್ನಲ್ಲ, ತಮ್ಮನ್ನೇ ಬೀದಿಯಿಂದ ದೂರವಿಡುವ ಉಪಾಯ ಇದೆಂದು ಅವರಿಗೆ ನೋವಾಯಿತು. ಬಹುಕಾಲ ಹೋರಾಡಿದ ಮೇಲೆ, ೨೦೨೪ರ ಜನವರಿ ೧ರಿಂದ ಕ್ಯಾಲಿಫೋರ್ನಿಯದಲ್ಲಿ ಆ ನಿಷೇಧಗಳು ರದ್ದಾದುವು. ನ್ಯೂ ಮೆಕ್ಸಿಕೋದ ಚಿಮಾಯೊ ಎಂಬ ಹಳ್ಳಿಯಲ್ಲಿ ಸಿದ್ಧವಾದ ಅಂಥ ಒಂದು ಗಾಡಿ, ೧೯೬೯ರ ಫೋರ್ಡ್, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹವನ್ನೇ ಸೇರಿದೆ. ಒಂದು ಕಾಲಕ್ಕೆ ಪೊಲೀಸರು ತಡೆದು ನಿಲ್ಲಿಸುತ್ತಿದ್ದ ಜಾತಿಯ ಗಾಡಿ ರಾಷ್ಟ್ರದ ನಿಧಿಯಾಯಿತು.

ಸಮುದ್ರ ದಾಟಿ ಕ್ಯೂಬಾ ದ್ವೀಪಕ್ಕೆ ಹೋದರೆ ಕಾಣುವುದು ಮೂರನೆಯ ಬಗೆ. ೧೯೫೯ರ ಕ್ರಾಂತಿಗೆ ಮುನ್ನ ಹವಾನ ನಗರದ ತುಂಬ ಅಮೆರಿಕದ ಗಾಡಿಗಳು. ೧೯೬೦ರಿಂದ ೧೯೬೨ರೊಳಗೆ ಅಮೆರಿಕ ವ್ಯಾಪಾರವನ್ನು ಕಡಿದುಹಾಕಿತು. ಹೊಸ ಗಾಡಿಯೂ ಇಲ್ಲ, ಹಳೆಯದಕ್ಕೆ ಬಿಡಿಭಾಗವೂ ಇಲ್ಲ. ೨೦೧೧ರವರೆಗೆ, ಕ್ರಾಂತಿಗೆ ಹಿಂದಿನ ಗಾಡಿಗಳನ್ನು ಮಾತ್ರ ಜನ ತಮ್ಮತಮ್ಮಲ್ಲಿ ಸ್ವತಂತ್ರವಾಗಿ ಕೊಂಡು ಮಾರಲು ಅಲ್ಲಿ ಅವಕಾಶವಿತ್ತು. ಆದ್ದರಿಂದ ಬ್ಯೂಯಿಕ್ ಗಾಡಿಯ ಹೊಟ್ಟೆಯೊಳಗೆ ರಷ್ಯದ ಯಂತ್ರ ಕೂತಿತು, ಷೆವ್ರೊಲೆಗೆ ಡೀಸೆಲ್ ಎಂಜಿನ್ನು ಬಂದಿತು, ಸಿಗದ ಭಾಗವನ್ನು ಮೆಕ್ಯಾನಿಕ್ಕು ತಾನೇ ಕಾಸಿ ಬಡಿದು ಮಾಡಿದನು. ಹೊಟ್ಟೆಯುಬ್ಬಿದ ಈ ಗಾಡಿಗಳಿಗೆ ಅಲ್ಲಿಯವರು ‘ದೊಡ್ಡ ಬಾದಾಮಿ’ ಎಂಬರ್ಥದ ಹೆಸರಿಟ್ಟಿದ್ದಾರೆ. ಪ್ರವಾಸಿಗಳು ಅವುಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಆದರೆ ಅದನ್ನು ಓಡಿಸುವವನಿಗೆ ಅದು ಹವ್ಯಾಸವಲ್ಲ, ಅನ್ನ. ಅವನು ಉಳಿಸಿದ್ದು ಹಳೆಯದರ ಮೋಹದಿಂದಲ್ಲ, ಬೇರೆ ಗತಿಯಿಲ್ಲದೆ. ಆದರೂ ಮೂರು ತಲೆಮಾರು ಸಾಕಿದ ಮೇಲೆ ಪ್ರೀತಿ ಬಾರದೆ ಇದ್ದೀತೆ?

ಈಗ ಮೊದಲೇ ಹೇಳಿದ ತಂಟೆಯ ಪ್ರಶ್ನೆಗೆ ಬರೋಣ. ಇವರಲ್ಲಿ ನಿಜವಾಗಿ ಉಳಿಸಿದವರು ಯಾರು? ಹಿಂದೆ ಅಮೆರಿಕದ ಸಂಘಗಳ ಪಂದ್ಯಗಳಲ್ಲಿ ಗೆಲ್ಲುತ್ತಿದ್ದುದು ಮೈಯೆಲ್ಲ ಹೊಸ ಬಣ್ಣ ಬಳಿದು, ಹೊಸ ಚರ್ಮ ಹೊದಿಸಿ, ಕಾರ್ಖಾನೆಯಿಂದ ಹೊರಬಂದ ದಿನಕ್ಕಿಂತಲೂ ಹೆಚ್ಚಾಗಿ ಹೊಳೆಯುವ ಗಾಡಿ. ಕ್ರಮೇಣ ಬಲ್ಲವರಿಗೆ ಶಂಕೆ ಹುಟ್ಟಿತು. ಉಜ್ಜಿ ತೆಗೆದ ಹಳೆಯ ಬಣ್ಣದ ಪದರದೊಡನೆ ಅಂದಿನ ಕೆಲಸಗಾರನ ಕುಂಚದ ಗುರುತೂ ಹೋಯಿತಲ್ಲವೆ? ಎಸೆದ ಸೀಟಿನೊಡನೆ ಅಂದಿನ ಹೊಲಿಗೆಯೂ ಹೋಯಿತಲ್ಲವೆ? ಗಾಡಿಯನ್ನು ಎಷ್ಟು ಸಲವಾದರೂ ಹೊಸದು ಮಾಡಬಹುದು. ಮೂಲವಾಗಿ ಇರುವುದು ಮಾತ್ರ ಒಂದೇ ಸಲ. ಆದ್ದರಿಂದ ಬಣ್ಣ ಮಾಸಿದ್ದರೂ, ಚರ್ಮ ಬಿರಿದಿದ್ದರೂ, ಮೂಲ ರೂಪವನ್ನು ಕಳೆದುಕೊಳ್ಳದ ಗಾಡಿಗಳಿಗೆ ಬೇರೆ ತರಗತಿಯನ್ನೇ ಏರ್ಪಡಿಸಿ ಮನ್ನಣೆ ಕೊಡುವುದು ಈಗ ರೂಢಿಯಾಗಿದೆ. ೨೦೧೪ರಿಂದ, ಆಯ್ದ ಗಾಡಿಗಳ ಅಳತೆ, ಚಿತ್ರ, ಚರಿತ್ರೆಗಳನ್ನು ಬರೆದಿಟ್ಟು, ಹಳೆಯ ಕಟ್ಟಡಗಳ ದಾಖಲೆಗಳಂತೆಯೇ ಆ ದೇಶದ ಕಾಂಗ್ರೆಸ್ ಗ್ರಂಥಾಲಯದಲ್ಲಿ ಕಾಪಾಡುವ ಕೆಲಸವೂ ಮೊದಲಾಗಿದೆ.

ಹಳಗನ್ನಡದ ಓಲೆಗರಿಗಳೊಡನೆ ಒಡನಾಡಿದವರಿಗೆ ಈ ವಿವೇಕ ಬಹು ಬೇಗ ಅರ್ಥವಾಗುತ್ತದೆ. ಗೆದ್ದಲು ತಿಂದ ಪದ್ಯಕ್ಕೆ ತನಗೆ ತೋಚಿದ ಪದ ಸೇರಿಸಿ ಪ್ರಾಸ ಹೊಂದಿಸಿದ ಲಿಪಿಕಾರನೂ ಕಾವ್ಯದ ಪ್ರೇಮಿಯೇ. ಆದರೆ ಅವನ ಸೇರ್ಪಡೆಯನ್ನು ಕವಿಯ ಮಾತೆಂದು ತಿಳಿದು ನಾವು ಮೋಸಹೋಗುತ್ತೇವೆ. ಒಳ್ಳೆಯ ಸಂಪಾದಕನು ಮುರಿದ ಕಡೆ ಮುರಿದಿದೆಯೆಂದು ಚುಕ್ಕಿಯಿಡುತ್ತಾನೆ. ತಾನು ಸೇರಿಸಿದ್ದನ್ನು ಸೇರಿಸಿದ್ದೆಂದು ಹೇಳುತ್ತಾನೆ. ಹಾಗೆಂದು ಪ್ರತಿಯೊಂದು ಗಾಡಿಯನ್ನೂ ಧೂಳಿನೊಡನೆ ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂದು ಅರ್ಥವಲ್ಲ. ಓಡಿಸದ ಗಾಡಿಯ ಗುಟ್ಟು ಮರೆತುಹೋಗುತ್ತದೆ, ಓದದ ಕಾವ್ಯದ ಸ್ವಾರಸ್ಯ ಮರೆತುಹೋದಂತೆ. ಸರಿಪಡಿಸು, ಆದರೆ ಸರಿಪಡಿಸಿದ್ದನ್ನು ಬಚ್ಚಿಡಬೇಡ. ಬದಲಾಯಿಸು, ಆದರೆ ಅದನ್ನು ಮೂಲವೆಂದು ಮಾರಬೇಡ. ನ್ಯಾಯ ಇಷ್ಟೇ. ಲಾಸ್ ಏಂಜಲೀಸಿನ ತರುಣನೂ ಹವಾನದ ಮೆಕ್ಯಾನಿಕ್ಕೂ ಈ ನ್ಯಾಯಕ್ಕೆ ತಪ್ಪಿದವರಲ್ಲ. ಅವರು ತಮ್ಮ ಕೈಗುರುತನ್ನು ಮರೆಮಾಡಲಿಲ್ಲ. ಹೊಸ ಪದರವನ್ನು ಬಳಿದು, ಇದೇ ಹಳೆಯದೆಂದು ಸಾಧಿಸುವವನೇ ನಿಜವಾಗಿ ಚರಿತ್ರೆಯನ್ನು ಕೆಡಿಸುವವನು.

ಇದರಲ್ಲಿ ನಮ್ಮ ಪಾಲೇನು? ಡೆಟ್ರಾಯಿಟಿಗೂ ಮೈಸೂರಿಗೂ ಒಂದು ಹಳೆಯ ನಂಟಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ ಯುರೋಪು ಅಮೆರಿಕಗಳನ್ನು ಸುತ್ತಿ, ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲಿಯೇ ಗಾಡಿ ತಯಾರಾಗಬೇಕೆಂದು ಯೋಜನೆ ಹಾಕಿದರು. ಆ ಯೋಜನೆ ನಮ್ಮ ಸಂಸ್ಥಾನದಲ್ಲಿ ಬೇರೂರಲಿಲ್ಲ. ಅದಕ್ಕೆ ಜತೆಗೂಡಿದ್ದ ವಾಲಚಂದ್ ಹೀರಾಚಂದರು ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿಯನ್ನು ಕಟ್ಟಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ನೆರವಿನಿಂದ ಡಾಜ್, ಪ್ಲಿಮತ್ ಗಾಡಿಗಳು ೧೯೪೭ರಿಂದ ಅಲ್ಲಿ ಜೋಡಣೆಯಾಗತೊಡಗಿದುವು. ಇಂದು ಧರ್ಮಸ್ಥಳದಲ್ಲಿ ಹಳೆಯ ಮೋಟಾರುಗಳ ದೊಡ್ಡ ಸಂಗ್ರಹವೊಂದನ್ನು ಕಾಪಾಡಿಟ್ಟಿರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ೨೦೨೧ರಲ್ಲಿ ಭಾರತ ಸರ್ಕಾರವು, ಐವತ್ತು ವರ್ಷ ಮೀರಿದ ಮತ್ತು ಮೂಲರೂಪದಲ್ಲಿಯೇ ಉಳಿದುಬಂದ ವಾಹನಗಳಿಗೆ ಬೇರೆಯಾದ ನೋಂದಣಿಯನ್ನು ಏರ್ಪಡಿಸಿತು. ಮೂಲರೂಪವೆಂಬ ಆ ಒಂದು ಮಾತಿನ ಹಿಂದೆ ಹರ್ಷಿಯ ಬಯಲಿನಲ್ಲಿ ಎಷ್ಟು ವರ್ಷಗಳ ವಾಗ್ವಾದ ನಡೆದಿದೆಯೆಂಬುದನ್ನು ಈಗ ನೀವು ಬಲ್ಲಿರಿ.

ಮೂಲವನ್ನು ಗುರುತಿಸಲು ಬಲ್ಲವರು ಬೇಕು. ಅಮೆರಿಕದ ಆಸಕ್ತರ ಇಂದಿನ ಚಿಂತೆ ಗಾಡಿಗಳದಲ್ಲ, ಮನುಷ್ಯರದು. ‘ಟಿ’ ಮಾದರಿಯ ಯಂತ್ರದ ಸದ್ದನ್ನು ಕೇಳಿಯೇ ಅದರ ರೋಗ ಹೇಳುತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಕಾನ್ಸಾಸ್ ಸಂಸ್ಥಾನದ ಮ್ಯಾಕ್‌ಫರ್ಸನ್ ಎಂಬ ಸಣ್ಣ ಕಾಲೇಜಿನಲ್ಲಿ ೧೯೭೬ರಿಂದ ಹಳೆಯ ಮೋಟಾರುಗಳ ಜೀರ್ಣೋದ್ಧಾರವನ್ನೇ ಒಂದು ವಿದ್ಯೆಯಾಗಿ ಕಲಿಸುತ್ತಿದ್ದಾರೆ. ಈಗ ಅದರಲ್ಲಿ ಪದವಿಯನ್ನೂ ಪಡೆಯಬಹುದು. ಹಿರಿಯನ ಕೈಯಿಂದ ಕಿರಿಯನ ಕೈಗೆ ಕುಶಲತೆ ದಾಟದಿದ್ದರೆ, ಉಳಿದ ಗಾಡಿಗಳೆಲ್ಲ ಓದಲು ಬಾರದ ಲಿಪಿಯ ಶಾಸನಗಳಂತೆ ನಿಂತುಬಿಡುತ್ತವೆ.

ನಿಮ್ಮ ಮನೆಯ ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಅಂಥ ಗಾಡಿ ಇಲ್ಲದಿರಬಹುದು. ಹಿರಿಯರು ಬಳಸುತ್ತಿದ್ದ ರೇಡಿಯೋ ಪೆಟ್ಟಿಗೆಯೋ, ಹೊಲಿಗೆ ಯಂತ್ರವೋ, ಗೋಡೆ ಗಡಿಯಾರವೋ ಇದ್ದೀತು. ಅದನ್ನು ತೂಕಕ್ಕೆ ಹಾಕುವ ಮುನ್ನ, ಅದು ನಡೆಯುವ ಬಗೆಯನ್ನು ಬಲ್ಲವರು ಮನೆಯಲ್ಲಿ ಯಾರಾದರೂ ಇದ್ದರೆ, ಅವರ ಬಳಿ ಒಂದು ಗಳಿಗೆ ಕುಳಿತು ಕೇಳಿ ಬರ­ೆದಿಟ್ಟುಕೊಳ್ಳಿ. ಯಂತ್ರವನ್ನು ಆಮೇಲೆ ಎಲ್ಲಿಂದಾದರೂ ಹುಡುಕಿ ತರಬಹುದು. ಅದನ್ನು ಬಲ್ಲ ಅಜ್ಜನನ್ನು ಯಾವ ಜಾತ್ರೆಯಲ್ಲಿಯೂ ಮಾರುವುದಿಲ್ಲ.